ಮಣ್ಣು ಕೇಳಿದಷ್ಟೇ ಗೊಬ್ಬರ ಹಾಕಬೇಕು



"ಅತಿಯಾದರೆ ಅಮೃತವೂ ವಿಷ" ಎಂದು ಹಿರಿಯರು ಹೇಳುತ್ತಾರೆ. ಈ ಗಾದೆ ಊಟಕ್ಕೆ ಮಾತ್ರ ಅಲ್ಲ, ಹೊಲಕ್ಕೂ ಹೊಂದುತ್ತದೆ. ಈ ಸಲದ ಗೋಡೆ ಪತ್ರಿಕೆಗೆ ನಾನು ಗೊಬ್ಬರದ ಬಗ್ಗೆ, ಅದರಲ್ಲೂ ಯೂರಿಯಾದ ಬಗ್ಗೆ ಬರೆದಿದ್ದೇನೆ. ಇದು ದೊಡ್ಡವರ ವಿಷಯ, ಮಕ್ಕಳಿಗ್ಯಾಕೆ ಅಂತ ಕೆಲವರು ಕೇಳಬಹುದು. ಆದರೆ ನಮ್ಮ ತರಗತಿಯಲ್ಲಿ ಹೊಲ ಇಲ್ಲದ ಮನೆಯವರು ಕಡಿಮೆ. ಹೊಲ ಇಲ್ಲದವರೂ ಮತ್ತೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಗೊಬ್ಬರ ಹಾಕುವ ದಿನ ತಂಬಿಗೆಯಲ್ಲಿ ಯೂರಿಯಾ ಹಿಡಿದುಕೊಂಡು ಸಾಲಿನಲ್ಲಿ ನಡೆಯುವವರು ನಾವೇ. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ನನ್ನ ಅಭಿಪ್ರಾಯ ಇಷ್ಟೇ. ಗೋವಿನಜೋಳಕ್ಕಾಗಲಿ, ಬಿಳಿಜೋಳಕ್ಕಾಗಲಿ, ಭತ್ತಕ್ಕಾಗಲಿ ಯೂರಿಯಾ ಎಷ್ಟು ಹಾಕಬೇಕು ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿ ತೀರ್ಮಾನ ಮಾಡಬೇಕು. ಬಾಜೂ ಹೊಲದವರನ್ನು ನೋಡಿ ಮಾಡಬಾರದು.

ಈಗ ಹೇಗೆ ತೀರ್ಮಾನ ಮಾಡುತ್ತಾರೆ?

ನಾನು ನೋಡಿದ ಹಾಗೆ ನಮ್ಮ ಊರಿನಲ್ಲಿ ಮೂರು ರೀತಿ ಇವೆ. ಮೊದಲನೆಯದು, "ಅವರು ಎಕರೆಕ್ಕ ಎರಡು ಚೀಲ ಹಾಕ್ಯಾರ, ನಾವು ಮೂರು ಹಾಕೋಣು" ಎಂಬುದು. ಎರಡನೆಯದು, ಅಂಗಡಿಯವರು ಹೇಳಿದ್ದು. ಅಂಗಡಿಯವರಿಗೆ ಚೀಲ ಖರ್ಚಾಗಬೇಕು. ಕೆಲವರಂತೂ ಯೂರಿಯಾ ಬೇಕಂದ್ರೆ ಜೊತೆಗೆ ಈ ಬಾಟಲಿನೂ ತಗೊಳ್ಳಿ ಅಂತಾರೆ. ಮೂರನೆಯದು, ಬೆಳೆಯ ಬಣ್ಣ ನೋಡಿ ಹಾಕುವುದು. ಎಲೆ ಸ್ವಲ್ಪ ಹಳದಿ ಕಂಡರೆ ಸಾಕು, ಯೂರಿಯಾ ಚೀಲ ಬಿಚ್ಚುತ್ತಾರೆ.

ಈ ಮೂರರಲ್ಲೂ ಒಬ್ಬರನ್ನು ಕೇಳುವುದನ್ನೇ ಬಿಟ್ಟಿದ್ದೇವೆ. ಅವರೇ ಮಣ್ಣು! ಜ್ವರ ಬಂದಾಗ ಡಾಕ್ಟರು ನಾಡಿ ಹಿಡಿದು, ರಕ್ತ ಪರೀಕ್ಷೆ ಮಾಡಿಸಿ ಗುಳಿಗೆ ಕೊಡುತ್ತಾರೆ. ಪಕ್ಕದ ಮನೆಯವರು ನುಂಗಿದ ಗುಳಿಗೆಯನ್ನೇ ನಾವು ನುಂಗುತ್ತೇವೆಯೇ? ಹೊಲಕ್ಕೆ ಮಾತ್ರ ಹಾಗೆ ಯಾಕೆ ಮಾಡಬೇಕು?

ಸಾರಜನಕದ ಸ್ವಭಾವ

ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಜೋಳದ ಗಿಡ ಅದನ್ನು ಗಾಳಿಯಿಂದ ನೇರವಾಗಿ ತಗೊಳ್ಳಲಾರದು. ಬೇರಿನಿಂದಲೇ ತಗೊಳ್ಳಬೇಕು. ಹೆಸರು, ತೊಗರಿ, ಅಲಸಂದಿ, ಕಡಲೆ ಇವುಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇರುವುದರಿಂದ ಅವು ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತವೆ. ಜೋಳ, ಭತ್ತ, ರಾಗಿಗೆ ಆ ಭಾಗ್ಯ ಇಲ್ಲ. ಅವಕ್ಕೆ ಮಣ್ಣಿನಲ್ಲಿ ಇರಬೇಕು, ಇಲ್ಲವೇ ನಾವು ಹಾಕಬೇಕು.

ಒಂದು ಕ್ವಿಂಟಾಲ್ ಗೋವಿನಜೋಳದ ಕಾಳಿನಲ್ಲಿಯೇ ಸುಮಾರು ಒಂದೂವರೆ ಕಿಲೋ ಸಾರಜನಕ ಇರುತ್ತದೆ. ಇಪ್ಪತ್ತು ಕ್ವಿಂಟಾಲ್ ಮಾರಿದರೆ 30 ಕಿಲೋ ಸಾರಜನಕ ಹೊಲದಿಂದ ಮಾರ್ಕೆಟ್ಟಿಗೆ ಹೋಯಿತು ಅಂತ ಅರ್ಥ. ತೆಗೆದಿದ್ದನ್ನು ತಿರುಗಿ ಕೊಡದಿದ್ದರೆ ಮಣ್ಣು ಬಡವಾಗುತ್ತದೆ. ಅದಕ್ಕೇ ಗೊಬ್ಬರ ಬೇಕೇ ಬೇಕು. ಗೊಬ್ಬರವೇ ಬೇಡ ಅಂತ ನಾನು ಹೇಳುತ್ತಿಲ್ಲ.

ಆದರೆ ಸಾರಜನಕ ಹಾಕಿದ ಜಾಗದಲ್ಲಿ ಸುಮ್ಮನೆ ಕೂಡುವುದಿಲ್ಲ. ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮಣ್ಣಿನ ಮೇಲೆ ಚೆಲ್ಲಿ ಹಾಗೇ ಬಿಟ್ಟರೆ ಅಮೋನಿಯಾ ಗಾಳಿಗೆ ಹಾರಿ ಹೋಗುತ್ತದೆ. ಜೋರು ಮಳೆ ಬಂದರೆ ನೈಟ್ರೇಟ್ ನೀರಿನ ಜೊತೆ ಕೆಳಗೆ ಇಳಿದು ಹೋಗುತ್ತದೆ. ನೀರು ನಿಂತ ಹೊಲದಲ್ಲಿ ಅದು ಮತ್ತೆ ಗಾಳಿಯಾಗಿ ಮೇಲೆ ಹೋಗುತ್ತದೆ. ಅಂದರೆ ಬೇಕಾದ್ದಕ್ಕಿಂತ ಹೆಚ್ಚಿಗೆ ಹಾಕಿದ ಯೂರಿಯಾವನ್ನು ಬೆಳೆ ಮುಂದಿನ ವರ್ಷಕ್ಕೆ ಅಂತ ಕೂಡಿಟ್ಟುಕೊಳ್ಳುವುದಿಲ್ಲ. ಅದು ನಮ್ಮ ಕೈ ತಪ್ಪಿ ಹೋದ ಹಾಗೆ.

ಕೆಳಗೆ ಇಳಿದ ನೈಟ್ರೇಟ್ ಎಲ್ಲಿಗೆ ಹೋಗುತ್ತದೆ? ಅಂತರ್ಜಲಕ್ಕೆ. ಬೋರಿನ ನೀರು ಕುಡಿಯುವವರು ನಾವೇ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಎಂಬುದು ನಮ್ಮ ದೇಶದ ನಿಯಮ. ಹೆಚ್ಚಾದರೆ ಸಣ್ಣ ಕೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಕಾಯಿಲೆ ಬರುತ್ತದೆ.

ಹೆಚ್ಚು ಯೂರಿಯಾ ತಿಂದ ಬೆಳೆ ನೋಡಲಿಕ್ಕೆ ಕಪ್ಪು ಹಸಿರಾಗಿ ಚೆಂದ ಕಾಣುತ್ತದೆ. ಆದರೆ ದಂಟು ಮೆತ್ತಗಾಗಿ ಗಾಳಿಗೆ ಮಲಗುತ್ತದೆ, ಹುಳ ಹೆಚ್ಚು ಬೀಳುತ್ತದೆ. ನೋಡುವವರ ಕಣ್ಣಿಗೆ ಬೆಳೆ, ರಾಶಿ ಮಾಡುವಾಗ ಬರೀ ದಂಟು!

ಪರೀಕ್ಷೆಯಲ್ಲಿ ಏನು ತಿಳಿಯುತ್ತದೆ?

ಕೇಂದ್ರ ಸರ್ಕಾರ 2015ರ ಫೆಬ್ರವರಿ 19ರಂದು ಮಣ್ಣು ಆರೋಗ್ಯ ಚೀಟಿ ಯೋಜನೆ ಶುರು ಮಾಡಿತು. ಈ ಚೀಟಿಯಲ್ಲಿ 12 ವಿಷಯ ಇರುತ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಮಣ್ಣಿನ ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ.

ಸಾರಜನಕವನ್ನು ಮೂರು ದರ್ಜೆ ಮಾಡುತ್ತಾರೆ. ಒಂದು ಹೆಕ್ಟೇರಿನಲ್ಲಿ ಬೆಳೆಗೆ ಸಿಗಬಲ್ಲ ಸಾರಜನಕ 280 ಕಿಲೋಗಿಂತ ಕಡಿಮೆ ಇದ್ದರೆ "ಕಡಿಮೆ". 280ರಿಂದ 560 ಇದ್ದರೆ "ಮಧ್ಯಮ". ಅದಕ್ಕಿಂತ ಮೇಲಿದ್ದರೆ "ಹೆಚ್ಚು". ಸಾವಯವ ಇಂಗಾಲ ನೋಡಿಯೂ ಅಂದಾಜು ಮಾಡುತ್ತಾರೆ. ನೂರಕ್ಕೆ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವ, 0.75ಕ್ಕಿಂತ ಹೆಚ್ಚು ಇದ್ದರೆ ಮಣ್ಣು ಸಾಹುಕಾರ.

280 ಕಿಲೋ ಇದ್ದರೂ "ಕಡಿಮೆ" ಯಾಕೆ ಅನ್ನುತ್ತಾರೆ ಎಂದು ಯಾರಿಗಾದರೂ ಅನುಮಾನ ಬರಬಹುದು. ಅಷ್ಟೂ ಒಂದೇ ಬೆಳೆಗೆ ಸಿಗುವುದಿಲ್ಲ. ಅದು ಮಣ್ಣಿನ ಸಾವಯವ ಪದಾರ್ಥದಲ್ಲಿ ಸೇರಿಕೊಂಡಿದ್ದು, ಸೂಕ್ಷ್ಮಜೀವಿಗಳು ಸ್ವಲ್ಪ ಸ್ವಲ್ಪವೇ ಬಿಡಿಸಿಕೊಡುತ್ತವೆ. ಕಣಜ ತುಂಬಾ ಜೋಳ ಇದ್ದರೂ ದಿನಕ್ಕೆ ಬೀಸುವಷ್ಟನ್ನೇ ತೆಗೆದ ಹಾಗೆ.

ಒಂದು ಲೆಕ್ಕ ಮಾಡೋಣ

ಗಣಿತ ಸರ್ ಯಾವಾಗಲೂ ಲೆಕ್ಕ ಮಾಡಿ ತೋರಿಸು ಅಂತಾರೆ. ಅದಕ್ಕೇ ಮಾಡಿದ್ದೇನೆ. ಎಲ್ಲರೂ ಪಾಟಿ ಮೇಲೆ ಮಾಡಿ ನೋಡಿರಿ.

ಮಳೆಯಾಶ್ರಿತ ಗೋವಿನಜೋಳಕ್ಕೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್. ಎಕರೆಗೆ ಹಾಕಿದರೆ 40, 20, 10 ಕಿಲೋ ಆಗುತ್ತದೆ.

ಬಿತ್ತುವಾಗ ಎಕರೆಗೆ 50 ಕಿಲೋದ ಒಂದು ಚೀಲ ಡಿಎಪಿ ಹಾಕಿದೆವು ಅಂತ ಇಟ್ಟುಕೊಳ್ಳೋಣ. ಡಿಎಪಿಯಲ್ಲಿ ನೂರಕ್ಕೆ 18 ಸಾರಜನಕ, 46 ರಂಜಕ. ಅಂದರೆ 9 ಕಿಲೋ ಸಾರಜನಕ, 23 ಕಿಲೋ ರಂಜಕ ಬಂತು. ರಂಜಕ ಮುಗಿಯಿತು. ಸಾರಜನಕ ಇನ್ನೂ 31 ಕಿಲೋ ಬೇಕು. ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಈಗಿನ ಚೀಲ 45 ಕಿಲೋ. ಒಂದು ಚೀಲದಲ್ಲಿ 20.7 ಕಿಲೋ ಸಾರಜನಕ ಆಯಿತು. ಹಾಗಾದರೆ 31 ಕಿಲೋಗೆ ಒಂದೂವರೆ ಚೀಲ.

ಇದು ಮಧ್ಯಮ ಮಣ್ಣಿನ ಲೆಕ್ಕ. ಸಾರಜನಕ ಕಡಿಮೆ ಇರುವ ಮಣ್ಣಿಗೆ ಶಿಫಾರಸಿನ ಕಾಲು ಭಾಗ ಹೆಚ್ಚಿಸಬೇಕು, ಹೆಚ್ಚು ಇರುವ ಮಣ್ಣಿಗೆ ಕಾಲು ಭಾಗ ಇಳಿಸಬೇಕು. ಆಗ ಹೀಗೆ ಬರುತ್ತದೆ:

ಸಾರಜನಕ ಕಡಿಮೆ ಇರುವ ಹೊಲ – ಎಕರೆಗೆ 2 ಚೀಲ ಯೂರಿಯಾ
ಮಧ್ಯಮ ಇರುವ ಹೊಲ – ಎಕರೆಗೆ ಒಂದೂವರೆ ಚೀಲ
ಹೆಚ್ಚು ಇರುವ ಹೊಲ – ಎಕರೆಗೆ 1 ಚೀಲ

ನೋಡಿದಿರಾ? ಒಂದೇ ಬದುವಿನ ಆಚೆ ಈಚೆ ಇರುವ ಎರಡು ಹೊಲಕ್ಕೆ ಒಂದಕ್ಕೆ ಎರಡು ಚೀಲ ಬೇಕಾಗಬಹುದು, ಇನ್ನೊಂದಕ್ಕೆ ಒಂದೇ ಸಾಕಾಗಬಹುದು. ಒಬ್ಬರು ವರ್ಷಾ ತಿಪ್ಪೆಗೊಬ್ಬರ ಹಾಕಿರುತ್ತಾರೆ, ಇನ್ನೊಬ್ಬರ ಮನೆಯಲ್ಲಿ ದನವೇ ಇರುವುದಿಲ್ಲ. ಅದಕ್ಕೇ ಬಾಜೂ ಹೊಲ ನೋಡಿ ಹಾಕಬಾರದು ಅಂದಿದ್ದು.

ಇನ್ನೊಂದು ಮಾತು. ಪರೀಕ್ಷೆ ಮಾಡಿಸಿದರೆ ಯಾವಾಗಲೂ ಗೊಬ್ಬರ ಕಡಿಮೆ ಮಾಡಿ ಅಂತಲೇ ಬರುತ್ತದೆ ಎಂದು ತಿಳಿಯಬಾರದು. ಕೆಲವರಿಗೆ ಹೆಚ್ಚು ಹಾಕಿ ಅಂತಲೂ ಬರುತ್ತದೆ. ಕಡಿಮೆ ಹಾಕಿ ಬೆಳೆ ಕಳೆದುಕೊಳ್ಳುವುದೂ ನಷ್ಟವೇ. ಪರೀಕ್ಷೆಯ ಕೆಲಸ ಸತ್ಯ ಹೇಳುವುದು ಮಾತ್ರ.

ಹಳದಿ ಆದದ್ದೆಲ್ಲಾ ಯೂರಿಯಾ ಕೇಳುವುದಿಲ್ಲ

ಗೋವಿನಜೋಳಕ್ಕೆ ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತಾ ಬರುತ್ತದೆ. ಸತು ಕಡಿಮೆಯಾದರೆ ಮೇಲಿನ ಎಳೆಯ ಎಲೆಗಳಲ್ಲಿ ಬಿಳಿಚಿದ ಪಟ್ಟಿ ಬರುತ್ತವೆ. ರಂಜಕ ಕಡಿಮೆಯಾದರೆ ಎಲೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸತು ಇಲ್ಲದ ಹೊಲಕ್ಕೆ ಯೂರಿಯಾ ಮೇಲೆ ಯೂರಿಯಾ ಸುರಿದರೆ ಏನು ಬಂತು? ಚಕ್ಕಡಿಯ ಒಂದು ಗಾಲಿ ಮುರಿದಾಗ ಇನ್ನೊಂದು ಗಾಲಿಗೆ ಕೀಲೆಣ್ಣೆ ಹಚ್ಚಿದರೆ ಚಕ್ಕಡಿ ಓಡುತ್ತದೆಯೇ?

2009ರಲ್ಲಿ ನಮ್ಮ ರಾಜ್ಯದಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ಭೂಚೇತನ ಎಂಬ ಯೋಜನೆ ಶುರುವಾಯಿತು. ಆಗ ಹಳ್ಳಿಹಳ್ಳಿಯ ಮಣ್ಣು ಪರೀಕ್ಷೆ ಮಾಡಿದಾಗ ಎಷ್ಟೋ ಕಡೆ ಸತು, ಬೋರಾನ್, ಗಂಧಕ ಕಡಿಮೆ ಇರುವುದು ಕಂಡುಬಂತು. ಬರೀ ಕಣ್ಣಿನಿಂದ ನೋಡಿ ಇದನ್ನು ಯಾರು ಹೇಳುತ್ತಿದ್ದರು?

ದೊಡ್ಡವರು ಹೇಳುವ ಮಾತುಗಳು

ಈ ವಿಷಯ ಬರೆಯುತ್ತೇನೆ ಎಂದಾಗ ಮನೆಯಲ್ಲಿ, ಕಟ್ಟೆಯ ಮೇಲೆ ಹಲವರು ಹಲವು ಮಾತು ಹೇಳಿದರು. ಅವನ್ನೂ ಬರೆದು ಉತ್ತರ ಕೊಡುವುದು ನ್ಯಾಯ.

"ನಮ್ಮ ಮುತ್ಯಾ ಯಾವ ಪರೀಕ್ಷೆ ಮಾಡಿಸಿದ್ದ? ಬೆಳೀಲಿಲ್ಲೇನು?" ಎಂದು ಒಬ್ಬರು ಕಾಕಾ ಕೇಳಿದರು. ಮುತ್ಯಾ ಬೆಳೆದದ್ದು ನಿಜ. ಆದರೆ ಆಗ ಮನೆಮನೆಗೆ ಎತ್ತು, ಎಮ್ಮೆ ಇದ್ದವು. ಚಕ್ಕಡಿಗಟ್ಟಲೆ ತಿಪ್ಪೆಗೊಬ್ಬರ ಹೋಗುತ್ತಿತ್ತು. ಜೋಳದ ಸಾಲಿನಲ್ಲಿ ತೊಗರಿ ಅಕ್ಕಡಿ ಇರುತ್ತಿತ್ತು. ಈಗ ಟ್ರ್ಯಾಕ್ಟರ್ ಬಂತು, ತಿಪ್ಪೆ ಸಣ್ಣದಾಯಿತು, ಹೈಬ್ರಿಡ್ ಬೀಜ ಮಣ್ಣಿನಿಂದ ಹೆಚ್ಚು ಎಳೆಯುತ್ತದೆ. ಕಾಲ ಬದಲಾದ ಮೇಲೆ ಲೆಕ್ಕವೂ ಬದಲಾಗಬೇಕಲ್ಲವೇ?

"ಕಾರ್ಡ್ ಬಂದೈತಿ, ಟ್ರಂಕಿನಾಗ ಐತಿ. ಅದರಾಗಿನ ಮಣ್ಣು ನಮ್ಮ ಹೊಲದ್ದಲ್ಲ" ಎಂದು ಇನ್ನೊಬ್ಬರು ಹೇಳಿದರು. ಈ ಮಾತಿನಲ್ಲಿ ಹುರುಳಿದೆ. ಯೋಜನೆ ಶುರುವಾದಾಗ ಮಳೆಯಾಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದು, ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ ತೆಗೆದಿದ್ದರು. 10 ಹೆಕ್ಟೇರ್ ಅಂದರೆ 25 ಎಕರೆ. ಅಷ್ಟರಲ್ಲಿ ಎಷ್ಟೋ ಜನರ ಹೊಲ ಬರುತ್ತವೆ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ನಮ್ಮ ಹೊಲದ ಮಣ್ಣನ್ನು ನಾವೇ ತೆಗೆದು ಕೊಡಬೇಕು. ಮತ್ತೊಬ್ಬರ ರಕ್ತ ಪರೀಕ್ಷೆ ಮಾಡಿ ನಮಗೆ ಔಷಧ ಬರೆಯಬಾರದು.

"ಸಾರಜನಕ ಮಳೆಗೆ ಹರಿದು ಹೋಗ್ತದಂತಿ, ಮತ್ತ ಬ್ಯಾಸಿಗ್ಯಾಗ ಪರೀಕ್ಷಾ ಮಾಡಿಸಿ ಏನುಪಯೋಗ?" ಎಂದು ಅಣ್ಣ ಕೇಳಿದ. ಇದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ರಂಜಕದ ಹಾಗೆ ಸಾರಜನಕ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಪರೀಕ್ಷೆ ಹೇಳುವುದು ಮಣ್ಣಿನ ಕಣಜ ಎಷ್ಟು ದೊಡ್ಡದು ಎಂಬುದನ್ನು. ಅದು ಒಂದು ಮಳೆಗೆ ಖಾಲಿಯಾಗುವುದಿಲ್ಲ. ಆದ್ದರಿಂದ ಒಟ್ಟು ಎಷ್ಟು ಚೀಲ ಎಂಬುದನ್ನು ಪರೀಕ್ಷೆಯಿಂದ ತಿಳಿಯಬೇಕು. ಯಾವಾಗ ಹಾಕಬೇಕು ಎಂಬುದನ್ನು ಬೆಳೆ ಮತ್ತು ಮಳೆ ನೋಡಿ ತಿಳಿಯಬೇಕು. ಎಲ್ಲವನ್ನೂ ಒಂದೇ ಸಲ ಸುರಿಯದೆ, ಬಿತ್ತುವಾಗ ಒಂದು ಪಾಲು, ಬೆಳೆ ಮೊಣಕಾಲೆತ್ತರ ಬಂದಾಗ ಒಂದು ಪಾಲು, ನೆಲ ಹಸಿ ಇದ್ದಾಗ ಹಾಕಿ ಎಡೆ ಹೊಡೆದು ಮಣ್ಣು ಮುಚ್ಚಬೇಕು. ಭತ್ತದವರಿಗೆ ಎಲೆಯ ಹಸಿರು ಹೋಲಿಸಿ ನೋಡುವ ಬಣ್ಣದ ಪಟ್ಟಿಯೂ ಇದೆ. ಪರೀಕ್ಷೆ ಮತ್ತು ಕಣ್ಣು ಎರಡೂ ಎರಡು ಎತ್ತಿನ ಹಾಗೆ ಕೂಡಿ ಎಳೆಯಬೇಕು.

"ಯೂರಿಯಾ ಅಗ್ಗ ಐತಿ, ಹೆಚ್ಚಾದರ ಏನು ಹೋತು?" ಎಂಬುದು ನಾಲ್ಕನೆಯ ಮಾತು. 2025ರಲ್ಲಿ 45 ಕಿಲೋ ಚೀಲಕ್ಕೆ ರೈತರು ಕೊಟ್ಟದ್ದು ಸುಮಾರು 266 ರೂಪಾಯಿ. ಎಕರೆಗೆ ಮೂರು ಚೀಲದಂತೆ ಮೂರು ಎಕರೆಗೆ 9 ಚೀಲ ಹಾಕುವವರು, ಮಧ್ಯಮ ಮಣ್ಣಾದರೆ ನಾಲ್ಕೂವರೆ ಚೀಲದಲ್ಲಿ ಮುಗಿಸಬಹುದು. ಸುಮಾರು 1,200 ರೂಪಾಯಿ ಉಳಿಯುತ್ತದೆ. ಮಲಗಿದ ಬೆಳೆ, ಹುಳಕ್ಕೆ ಹೊಡೆಯುವ ಎಣ್ಣೆ, ಆಳಿನ ಕೂಲಿ ಬೇರೆ. ಮತ್ತು ಆ ಚೀಲ ಅಗ್ಗ ಇರುವುದು ಸರ್ಕಾರ ಬಾಕಿ ದುಡ್ಡು ತುಂಬುವುದರಿಂದ. ಅದೂ ಜನರ ದುಡ್ಡೇ.

ಚೀಲ ಒಂದೇ, ಬೇಕಾದವರು ಇಬ್ಬರು

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಬೇರೆ ಇದೆ. ನಮ್ಮ ಹಾವೇರಿ ಜಿಲ್ಲೆಯಲ್ಲಿ 2008ರ ಜೂನ್ 10ರಂದು ಏನಾಯಿತು ಎಂಬುದು ಇಲ್ಲಿಯ ಹಿರಿಯರಿಗೆಲ್ಲಾ ಗೊತ್ತು. ಬಿತ್ತುವ ಹೊತ್ತಿನಲ್ಲಿ ಗೊಬ್ಬರ ಸಿಗಲಿಲ್ಲ. ಗೊಬ್ಬರ ಕೊಡಿ ಎಂದು ಹಾವೇರಿಯಲ್ಲಿ ಸೇರಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಪ್ರಾಣ ಕಳಕೊಂಡರು. ನಾವು ಆಗ ಹುಟ್ಟಿರಲಿಲ್ಲ. ಆದರೆ 2025ರ ಮುಂಗಾರಿನಲ್ಲಿ ಮತ್ತೆ ಯೂರಿಯಾ ಕೊರತೆ ಬಂದು ರೈತರು ಅಂಗಡಿಗಳ ಮುಂದೆ ಪಾಳಿ ಹಚ್ಚಿದ್ದನ್ನು ನಾವೂ ನೋಡಿದ್ದೇವೆ.

ಗೊಬ್ಬರ ಕೇಳಿದ್ದು ರೈತರ ತಪ್ಪಲ್ಲ. ಹೊತ್ತಿಗೆ ಸರಿಯಾಗಿ ಗೊಬ್ಬರ ಒದಗಿಸುವುದು ಸರ್ಕಾರದ ಕರ್ತವ್ಯ. ಮಳೆ ಯಾರಿಗೂ ಕಾಯುವುದಿಲ್ಲ. ಆದರೆ ನಮ್ಮ ಕೈಯಲ್ಲಿ ಇರುವುದನ್ನೂ ನಾವು ಮಾಡಬೇಕಲ್ಲ? ಮಣ್ಣಿನಲ್ಲಿ ಸಾರಜನಕ ಸಾಕಷ್ಟು ಇದ್ದರೂ ಅದು ಗೊತ್ತಿಲ್ಲದೆ ಒಬ್ಬರು ಎರಡು ಚೀಲ ಹೆಚ್ಚು ಒಯ್ಯುತ್ತಾರೆ. ಪಾಳಿಯ ಕೊನೆಗೆ ನಿಂತವರ ಹೊಲದಲ್ಲಿ ಸಾರಜನಕ ನಿಜವಾಗಿಯೂ ಕಡಿಮೆ ಇರುತ್ತದೆ. ಅವರು ಬರಿಗೈಲಿ ಮನೆಗೆ ಹೋಗುತ್ತಾರೆ. ನನ್ನ ಹೊಲಕ್ಕೆ ಬೇಡಾದ ಚೀಲ ಇನ್ನೊಬ್ಬರ ಹೊಲಕ್ಕೆ ಬೇಕಾದ ಚೀಲ. ಪಾಳಿಯ ಕೊನೆಗೆ ನಿಲ್ಲುವವರು ಹೆಚ್ಚಾಗಿ ಬಡವರೇ. ಈ ಅನ್ಯಾಯ ಯಾರಿಗೂ ಕಾಣುವುದಿಲ್ಲ, ಯಾಕಂದ್ರೆ ಯಾರ ಹೊಲದಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ.

ನಾವು ಮಾಡಬಹುದಾದ ಕೆಲಸ

ಬರೀ ಉಪದೇಶ ಮಾಡಿದರೆ ಸಾಲದು. ಸುಗ್ಗಿ ಮುಗಿದ ಮೇಲೆ, ಹೊಲ ಖಾಲಿ ಇದ್ದಾಗ, ನಮ್ಮ ತರಗತಿಯ ಪ್ರತಿಯೊಬ್ಬರೂ ತಮ್ಮ ಹೊಲದ್ದು ಅಥವಾ ಪರಿಚಯದವರ ಹೊಲದ್ದು ಒಂದೊಂದು ಚೀಲ ಮಣ್ಣು ತರಬೇಕು. ತರುವ ರೀತಿ ಹೀಗೆ:

1. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಜಾಗ ಗುರುತಿಸಬೇಕು. ಬದು, ಗಿಡದ ನೆರಳು, ತಿಪ್ಪೆ ಹಾಕಿದ ಜಾಗ, ನೀರು ನಿಲ್ಲುವ ಜಾಗ, ಕಾಲುದಾರಿ ಬಿಡಬೇಕು. ಹೊಸದಾಗಿ ಗೊಬ್ಬರ ಹಾಕಿದ ಹೊಲದಿಂದ ತೆಗೆಯಬಾರದು.
2. ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಹಾಗೆ 6 ಇಂಚು ಆಳದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಮಣ್ಣು ಕೆತ್ತಬೇಕು.
3. ಎಲ್ಲಾ ಮಣ್ಣನ್ನು ಸ್ವಚ್ಛ ಬಕೆಟ್ಟಿನಲ್ಲಿ ಹಾಕಿ ಚೆನ್ನಾಗಿ ಕಲಸಿ, ಕಲ್ಲು ಬೇರು ಆರಿಸಿ, ನೆರಳಿನಲ್ಲಿ ಒಣಗಿಸಬೇಕು.
4. ಮಣ್ಣನ್ನು ರೊಟ್ಟಿಯ ಹಾಗೆ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಬೇಕು.
5. ಬಟ್ಟೆಯ ಚೀಲದಲ್ಲಿ ಹಾಕಿ ರೈತರ ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದ ಚೀಟಿ ಇಡಬೇಕು. ಖಾಲಿ ಯೂರಿಯಾ ಚೀಲದಲ್ಲಿ ಮಾತ್ರ ತರಬೇಡಿ! ಚೀಲಕ್ಕೆ ಅಂಟಿದ ಯೂರಿಯಾ ಮಣ್ಣಿಗೆ ಸೇರಿ ಫಲಿತಾಂಶ ಸುಳ್ಳಾಗುತ್ತದೆ.

ಎಲ್ಲಾ ಚೀಲಗಳನ್ನು ಗುರುಗಳ ಜೊತೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಕೊಡೋಣ. ಮಳೆ ಹತ್ತಿದ ಮೇಲೆ ಕೊಟ್ಟರೆ ಫಲಿತಾಂಶ ಬರುವುದರೊಳಗೆ ಬಿತ್ತನೆ ಮುಗಿದಿರುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅದಕ್ಕೇ ಬೇಸಿಗೆ ರಜೆ ಬಿಡುವ ಮೊದಲೇ ಮುಗಿಸಬೇಕು.

ಫಲಿತಾಂಶ ಬಂದ ಮೇಲೆ ಕಾರ್ಡು ಟ್ರಂಕು ಸೇರಬಾರದು. ನಮ್ಮ ಶಾಲೆಯ ಗೋಡೆಯ ಮೇಲೆ ಊರಿನ ನಕ್ಷೆ ಬರೆದು, ಮನೆಯವರು ಒಪ್ಪಿದರೆ ಅವರ ಹೊಲಕ್ಕೆ ಬಣ್ಣ ತುಂಬೋಣ. ಸಾರಜನಕ ಕಡಿಮೆ ಇದ್ದರೆ ಹಳದಿ, ಮಧ್ಯಮ ಇದ್ದರೆ ತಿಳಿ ಹಸಿರು, ಹೆಚ್ಚು ಇದ್ದರೆ ಕಡು ಹಸಿರು. ಪಕ್ಕದಲ್ಲಿ ಎಕರೆಗೆ ಎಷ್ಟು ಚೀಲ ಎಂಬ ಲೆಕ್ಕ ಬರೆಯೋಣ. ಓದಲು ಬಾರದವರಿಗೆ ನಾವು ಓದಿ ಹೇಳೋಣ. ಆಗ ಅಂಗಡಿಗೆ ಹೋಗುವ ಮೊದಲು ಜನ ಒಮ್ಮೆ ಶಾಲೆಯ ಗೋಡೆ ನೋಡಿ ಹೋಗುತ್ತಾರೆ. ಗುರುಗಳು ದಯಮಾಡಿ ಈ ಕೆಲಸಕ್ಕೆ ಒಂದು ಶನಿವಾರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಗೆಳೆಯರೇ, ಮಣ್ಣು ಬಾಯಿ ಬಿಟ್ಟು ಕೇಳುವುದಿಲ್ಲ. ಕಡಿಮೆ ಕೊಟ್ಟರೂ ಸುಮ್ಮನಿರುತ್ತದೆ, ಹೆಚ್ಚು ಕೊಟ್ಟರೂ ಸುಮ್ಮನಿರುತ್ತದೆ. ಅದರ ಮಾತು ನಮಗೆ ತಿಳಿಯಬೇಕಾದರೆ ಅರ್ಧ ಕಿಲೋ ಮಣ್ಣು ಮತ್ತು ಒಂದು ಚೀಟಿ ಸಾಕು. ಈ ಸಲ ಕೇಳಿ ನೋಡೋಣ.

ನನ್ನ ಅಭಿಪ್ರಾಯ ಒಪ್ಪದವರು ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ಉತ್ತರ ಬರೆಯಬೇಕೆಂದು ವಿನಂತಿ.

– 7ನೇ ತರಗತಿಯ ವಿದ್ಯಾರ್ಥಿ